ಮೀನಿಲ್ಲದ ಆರು ವಾರ

ಪುಣೆಗೆ ಸಮುದ್ರ ಅಷ್ಟೇನೂ ದೂರವಿಲ್ಲ. ಘಟ್ಟ ಇಳಿದರೆ ಕೊಂಕಣ, ಕೊಂಕಣ ದಾಟಿದರೆ ಅರಬ್ಬಿ ಕಡಲು. ಆದರೂ ಈ ಊರಿನ ನೀರು ಅತ್ತ ಮುಖ ಮಾಡುವುದಿಲ್ಲ. ಮುಳಾ, ಮುಠಾ ಎರಡೂ ಪೂರ್ವಕ್ಕೆ ಹರಿದು ಭೀಮೆಗೆ ಸೇರಿ, ಉಜನಿ ಜಲಾಶಯ ದಾಟಿ, ನಮ್ಮ ವಿಜಯಪುರ, ಕಲಬುರಗಿ ಸೀಮೆಯನ್ನು ಹಾದು ಕೃಷ್ಣೆಯ ಪಾಲಾಗುತ್ತವೆ. ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಎತ್ತರದ ಇಂಥ ಊರಿನಲ್ಲಿ, ಕೋಥರೂಡದಲ್ಲೋ ಹಿಂಜವಡಿಯ ಹನ್ನೆರಡನೇ ಮಹಡಿಯಲ್ಲೋ ಒಂದು ಮನೆಯವರು ಹವಳದ ದಿಬ್ಬದ ತುಣುಕೊಂದನ್ನು ಗಾಜಿನ ತೊಟ್ಟಿಯಲ್ಲಿ ಬೆಳೆಸಲು ಹೊರಡುತ್ತಾರೆ. ಮುಂಬಯಿಯ ತಾರಾಪೊರವಾಲಾ ಮತ್ಸ್ಯಾಲಯವನ್ನು 1951ರಲ್ಲಿ ಮರೀನ್ ಡ್ರೈವಿನಲ್ಲಿ ಕಟ್ಟಿದಾಗ ಅದರ ಎದುರಿಗೇ ಕಡಲಿತ್ತು. ಪುಣೆಯವರಿಗೆ ಆ ಭಾಗ್ಯವಿಲ್ಲ. ನೀರು, ಉಪ್ಪು, ಅಲೆ, ಬಿಸಿಲು, ಕಲ್ಲು ಎಲ್ಲವನ್ನೂ ಕೊಂಡು ತಂದೇ ಜೋಡಿಸಬೇಕು. ಇದರ ಖರ್ಚು ಸುಲಭವಾಗಿ ಒಂದು ಸ್ಕೂಟರಿನ ಬೆಲೆ ಮುಟ್ಟುತ್ತದೆ. ಹಾಗಿದ್ದರೂ ಈ ಹವ್ಯಾಸ ದೊಡ್ಡ ಊರುಗಳಲ್ಲಿ ಹರಡುತ್ತಿದೆ. ಅದರ ಬಗ್ಗೆ ಆಡಬೇಕಾದ ಮಾತೂ ಇದೆ.

ನನ್ನ ವಾದ ಒಂದೇ. ತೊಟ್ಟಿಗೆ ಉಪ್ಪುನೀರು ತುಂಬಿಸಿದ ದಿನಕ್ಕೂ ಅದಕ್ಕೆ ಮೊದಲ ಮೀನು ಬಿಡುವ ದಿನಕ್ಕೂ ನಡುವೆ ಕನಿಷ್ಠ ಆರು ವಾರ ಇರಬೇಕು. ಇದು ಕೊಳ್ಳುವವನ ತಾಳ್ಮೆಗೆ ಬಿಟ್ಟ ವಿಷಯವಾಗಬಾರದು, ಮಾರುವವನ ಮೇಲಿನ ಷರತ್ತಾಗಬೇಕು. ತೊಟ್ಟಿ, ಉಪ್ಪಿನ ಚೀಲ, ದೀಪ, ಮೀನು ಎಲ್ಲವನ್ನೂ ಒಂದೇ ಬಿಲ್ಲಿನಲ್ಲಿ ಕೊಟ್ಟು ಕಳಿಸುವ ರೂಢಿ ನಿಲ್ಲಬೇಕು. ಸಿಹಿನೀರಿನ ಗೋಲ್ಡ್‌ಫಿಶ್ ವಿಷಯದಲ್ಲೂ ಇದು ತಪ್ಪೇ. ಉಪ್ಪುನೀರಿನಲ್ಲಿ ಅದೇ ತಪ್ಪು ಹೆಚ್ಚುಕಡಿಮೆ ಕೊಲೆಯಾಗುತ್ತದೆ, ಏಕೆಂದು ತಿಳಿಯಲು ಸ್ವಲ್ಪ ರಸಾಯನಶಾಸ್ತ್ರ ಬೇಕು.

ಮೀನು ತನ್ನ ದೇಹದ ಸಾರಜನಕದ ಕಸವನ್ನು ಬಹುಪಾಲು ಕಿವಿರುಗಳ ಮೂಲಕ ಅಮೋನಿಯವಾಗಿ ನೀರಿಗೆ ಬಿಡುತ್ತದೆ. ನೀರಿನಲ್ಲಿ ಅಮೋನಿಯಕ್ಕೆ ಎರಡು ರೂಪ: ಅಷ್ಟೇನೂ ಅಪಾಯವಿಲ್ಲದ ಅಮೋನಿಯಮ್ ಒಂದು, ಕಿವಿರನ್ನೇ ಸುಡುವ ಮುಕ್ತ ಅಮೋನಿಯ ಇನ್ನೊಂದು. ಯಾವುದು ಎಷ್ಟು ಎಂಬುದನ್ನು ತೀರ್ಮಾನಿಸುವುದು ನೀರಿನ ಪಿಎಚ್ ಮತ್ತು ಶಾಖ. ಪಿಎಚ್ 7ರ ಸಿಹಿನೀರಿನಲ್ಲಿ ಮುಕ್ತ ಅಮೋನಿಯದ ಪಾಲು ಶೇಕಡಾ ಅರ್ಧದಷ್ಟು, 8.2ರ ಸಮುದ್ರದ ನೀರಿನಲ್ಲಿ 25 ಡಿಗ್ರಿ ಶಾಖಕ್ಕೆ ಅದು ಶೇಕಡಾ 7ರ ಆಸುಪಾಸಿಗೆ ಏರುತ್ತದೆ. ಪರೀಕ್ಷೆಯ ಸೀಸೆಯಲ್ಲಿ ಬಣ್ಣ ಒಂದೇ ಬರುತ್ತದೆ, ಮೀನಿಗೆ ತಗಲುವ ವಿಷ ಮಾತ್ರ ಹತ್ತುಪಟ್ಟಿಗೂ ಮಿಗಿಲು. ಈ ಅಮೋನಿಯವನ್ನು ನೈಟ್ರೈಟ್ ಆಗಿ, ನೈಟ್ರೈಟನ್ನು ನೈಟ್ರೇಟ್ ಆಗಿ ಬದಲಿಸುವ ಸೂಕ್ಷ್ಮಜೀವಿಗಳ ಎರಡು ಬಳಗ ಕಲ್ಲು, ಮರಳಿನ ಮೇಲೆ ನೆಲೆಯೂರುವುದಕ್ಕೆ ಹವ್ಯಾಸಿಗಳು ‘ಸೈಕಲ್’ ಎನ್ನುತ್ತಾರೆ. ಹೊಸ ಕಾವಲಿಯನ್ನು ಪಳಗಿಸುವಂತೆ ತೊಟ್ಟಿಯನ್ನು ಪಳಗಿಸುವುದು ಎಂದರೂ ಸರಿಯೇ. ನಮ್ಮ ಹೊಟ್ಟೆಯ ಬ್ಯಾಕ್ಟೀರಿಯಾ ಅನುಕೂಲ ಸಿಕ್ಕರೆ ಇಪ್ಪತ್ತು ನಿಮಿಷಕ್ಕೆ ಇಮ್ಮಡಿಯಾಗುತ್ತದೆ. ಈ ಜೀವಿಗಳಿಗೆ ಅರ್ಧ ದಿನವೋ ಒಂದು ದಿನವೋ, ಕೆಲವೊಮ್ಮೆ ಇನ್ನೂ ಹೆಚ್ಚೋ ಬೇಕು. ಮೊದಲ ಬಳಗ ಬೆಳೆದು ನೈಟ್ರೈಟ್ ಉಣಿಸಿದ ಮೇಲೆಯೇ ಎರಡನೆಯದಕ್ಕೆ ಹೊಟ್ಟೆ ತುಂಬುವುದು. ನಾಲ್ಕರಿಂದ ಆರು ವಾರ ಹಿಡಿಯುವುದು ಹೀಗೆ. ಇಲ್ಲಿ ಒಂದು ಸ್ವಾರಸ್ಯವನ್ನು ಹೇಳದೆ ಇರಲಾಗದು. ಸಮುದ್ರದಲ್ಲಿ ಅಮೋನಿಯವನ್ನು ಅರಗಿಸುವ ಕೆಲಸದಲ್ಲಿ ಆರ್ಕಿಯಾ ಎಂಬ ಪುರಾತನ ಕುಲದ ಜೀವಿಗಳದ್ದು ದೊಡ್ಡ ಪಾಲು ಎಂದು ಈಗ ಗೊತ್ತಾಗಿದೆ. ಅಂಥ ಜೀವಿಯನ್ನು ಮೊದಲ ಬಾರಿಗೆ ಬೇರ್ಪಡಿಸಿ ಬೆಳೆಸಿದ ವರದಿ 2005ರಲ್ಲಿ ಬಂತು. ಅದು ಸಿಕ್ಕಿದ್ದು ನಡುಗಡಲಿನಲ್ಲಲ್ಲ, ಅಮೆರಿಕದ ಸಿಯಾಟಲ್ ಮತ್ಸ್ಯಾಲಯದ ಒಂದು ತೊಟ್ಟಿಯ ಜಲ್ಲಿಯಲ್ಲಿ.

ಈ ಜೀವಿಗಳನ್ನು ಬೆಳೆಸಲು ಮೀನೇ ಬೇಕೆಂದಿಲ್ಲ, ಅಮೋನಿಯ ಸಿಕ್ಕರೆ ಸಾಕು. ಅಮೋನಿಯಮ್ ಕ್ಲೋರೈಡ್ ಎಂದರೆ ಹೊಸದೇನಲ್ಲ, ಪಾತ್ರೆಗೆ ಕಲಾಯಿ ಹಾಕುವವರು ತಲೆಮಾರುಗಳಿಂದ ಬಳಸಿದ ನವಸಾಗರ. 300 ಲೀಟರ್ ತೊಟ್ಟಿಯಲ್ಲಿ ಅಮೋನಿಯವನ್ನು 2 ಪಿಪಿಎಂಗೆ ಏರಿಸಲು ಇದು 2 ಗ್ರಾಮೂ ಬೇಡ. ಸಂತೆಯ ನವಸಾಗರದಲ್ಲಿ ಲೋಹದ ಕಲಬೆರಕೆ ಇದ್ದೀತು, ಪ್ರಯೋಗಾಲಯದ ದರ್ಜೆಯದನ್ನೇ ತರಬೇಕು. ತಾಮ್ರದ ಸುಳಿವು ಸಿಕ್ಕರೂ ಸಿಗಡಿ, ಬಸವನಹುಳು, ಹವಳಗಳಿಗೆ ಅದು ವಿಷ. ಹಾಕಿದ 2 ಪಿಪಿಎಂ ಅಮೋನಿಯ ಇಪ್ಪತ್ತನಾಲ್ಕು ಗಂಟೆಯೊಳಗೆ ಸೊನ್ನೆಗೆ ಇಳಿದು, ನೈಟ್ರೈಟೂ ಸೊನ್ನೆಯಾಗಿ, ನೈಟ್ರೇಟ್ ಮಾತ್ರ ಏರಿದ್ದರೆ ತೊಟ್ಟಿ ಪಳಗಿದೆ ಎಂದರ್ಥ. ಚಿಟಿಕೆ ಪುಡಿಯಿಂದ ಆಗುವ ಈ ಕೆಲಸವನ್ನು ಜೀವಂತ ಮೀನಿನ ಕಿವಿರಿನಿಂದ ಮಾಡಿಸುವುದಕ್ಕೆ ಇಂದು ಯಾವ ಸಮರ್ಥನೆಯೂ ಉಳಿದಿಲ್ಲ.

ಇದಕ್ಕೆ ಬೇರೆ ದಾರಿ ಹಿಂದೆ ಇತ್ತು. ಸಮುದ್ರದ ದಿಬ್ಬದಿಂದಲೇ ಕಿತ್ತು ತಂದ, ಜೀವಿಗಳಿಂದ ತುಂಬಿದ ಕಲ್ಲನ್ನು ತೊಟ್ಟಿಗಿಟ್ಟರೆ ಸೈಕಲ್ ಹೆಚ್ಚುಕಡಿಮೆ ಮೊದಲೇ ಮುಗಿದಿರುತ್ತದೆ. ಇಂಡೊನೇಷ್ಯಾದ ಲೀ ಚಿನ್ ಎಂಗ್ ಈ ಪದ್ಧತಿಯನ್ನು 1961ರಲ್ಲೇ ಬರೆದು ಪ್ರಚಾರ ಮಾಡಿದರು. ‘ಲೈವ್ ರಾಕ್’ ಎಂಬ ಹೆಸರಿನಲ್ಲಿ ಅದು ಜಗತ್ತಿಗೆಲ್ಲ ಹಬ್ಬಿತು. ಭಾರತದಲ್ಲಿ ಆ ಬಾಗಿಲು ಮುಚ್ಚಿದೆ, ಮುಚ್ಚಿದ್ದು ಒಳ್ಳೆಯದೇ ಆಯಿತು. ದಿಬ್ಬ ಕಟ್ಟುವ ಎಲ್ಲ ಕಲ್ಲುಹವಳಗಳನ್ನೂ, ಕಪ್ಪು ಹವಳ, ಸಮುದ್ರ ಬೀಸಣಿಗೆ, ಕಡಲಕುದುರೆ, ಕಡಲ ಸೌತೆಗಳ ಜೊತೆಗೆ, 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ ಸೇರಿಸಲಾಯಿತು. ಹುಲಿ ಇರುವ ಪಟ್ಟಿಯೂ ಅದೇ. 2022ರ ತಿದ್ದುಪಡಿಯ ನಂತರ, ಮೊದಲ ಅನುಸೂಚಿಯ ಜೀವಿಯ ಅಪರಾಧಕ್ಕೆ ಮೂರರಿಂದ ಏಳು ವರ್ಷದ ಸೆರೆವಾಸ, 25 ಸಾವಿರ ರೂಪಾಯಿಗೆ ಕಡಿಮೆಯಿಲ್ಲದ ದಂಡ. ದಿಬ್ಬದ ಕಲ್ಲು ಎಂದರೆ ಸತ್ತ ಹವಳದ ಮೂಳೆಯೇ ತಾನೆ. ಆಮದು ಮಾಡಿದ್ದು ಎಂಬ ಸಮಜಾಯಿಷಿಯನ್ನು ಮಾರಾಟಗಾರರು ಕೊಡುವುದುಂಟು. ಪಟ್ಟಿಯಲ್ಲಿರುವುದು ಜೀವಿಗಳ ಗಣದ ಹೆಸರು, ಅಂಡಮಾನಿನದೋ ಇಂಡೊನೇಷ್ಯಾದ್ದೋ ಎಂದು ಅದು ಬೇರೆ ಮಾಡಿ ಹೇಳಿಲ್ಲ. (ಕುಜದೋಷಕ್ಕೆಂದು ಉಂಗುರದಲ್ಲಿ ಕೂರಿಸುವ ಕೆಂಪು ಹವಳದ ಸಂಗತಿ ಬೇರೆ. ಅದು ಮೆಡಿಟರೇನಿಯನ್ ಕಡಲಿನ ಕಡೆಯದು, ದಿಬ್ಬ ಕಟ್ಟುವ ಕುಲದ್ದಲ್ಲ.) ಹಾಗಾಗಿ ಪುಣೆಯ ಪ್ರಾಮಾಣಿಕ ತೊಟ್ಟಿ ಸಿಮೆಂಟಿನಿಂದಲೋ ಪಿಂಗಾಣಿಯಿಂದಲೋ ಮಾಡಿದ ಒಣಕಲ್ಲಿನಿಂದ ಶುರುವಾಗಬೇಕು, ಅದರಲ್ಲಿ ಬೆಳೆಯುವುದು ಈ ಪಟ್ಟಿಯ ಹೊರಗಿರುವ ಮೃದು ಹವಳಗಳಷ್ಟೇ ಆಗಿರಬೇಕು. ಒಣಕಲ್ಲಿನಲ್ಲಿ ಈ ಸೂಕ್ಷ್ಮಜೀವಿಗಳ ಬಳಗ ಇರುವುದಿಲ್ಲ. ಕಾನೂನನ್ನು ಪಾಲಿಸಿದವನಿಗೆ ಕಾಯುವುದು ತಪ್ಪುವುದಿಲ್ಲ ಎಂಬ ಈ ನಂಟನ್ನು ಅಂಗಡಿಯಲ್ಲಿ ಯಾರೂ ಬಿಡಿಸಿ ಹೇಳುವುದಿಲ್ಲ.

ಆರು ವಾರ ಬರಿಯ ಸೂಕ್ಷ್ಮಜೀವಿಗಳಿಗಾಗಿ ಅಂತಲೂ ತಿಳಿಯಬೇಕಿಲ್ಲ. ಆ ಮನೆ, ಆ ಕಟ್ಟಡ, ಆ ಊರು ಒಂದು ಸಮುದ್ರವನ್ನು ಸಾಕಬಲ್ಲವೇ ಎಂಬುದರ ತಾಲೀಮು ಅದು. ಪುಣೆಯ ಹಳೆಯ ಪೇಠೆಗಳಿಗೆ ಖಡಕವಾಸಲಾ, ಪಾನಶೇತ್, ವರಸಗಾಂವ್, ಟೆಮಘರ್ ಅಣೆಕಟ್ಟೆಗಳ ನೀರು. ಹೊರವಲಯದ ಎಷ್ಟೋ ಸೊಸೈಟಿಗಳಿಗೆ ಟ್ಯಾಂಕರು, ಬೋರ್‌ವೆಲ್. ಕಪ್ಪುಶಿಲೆಯ ಒಳಗಿಂದ ಬರುವ ಬೋರಿನ ನೀರಿನಲ್ಲಿ ಕರಗಿದ ಲವಣ, ಸಿಲಿಕ ಎಲ್ಲ ಇರುತ್ತವೆ, ಹಾಗೇ ತೊಟ್ಟಿಗೆ ಸುರಿದರೆ ಪಾಚಿಗೆ ಹಬ್ಬ. ಆರ್‌ಓ ಯಂತ್ರ, ಅದರ ಹಿಂದೆ ಉಳಿದ ಲವಣವನ್ನು ಹೀರುವ ಡಿಐ ರೆಸಿನ್ ಹಾಯಿಸಿ, ಕರಗಿದ ವಸ್ತುಗಳ ಅಳತೆಯಾದ ಟಿಡಿಎಸ್ ಸೊನ್ನೆಗೆ ತಂದ ನೀರಿಗೇ ಉಪ್ಪು ಬೆರೆಸಬೇಕು: ಲೀಟರಿಗೆ 35 ಗ್ರಾಮಿನಂತೆ 300 ಲೀಟರಿಗೆ ಹತ್ತೂವರೆ ಕಿಲೋ. ಒಂದು ಲೀಟರ್ ಶುದ್ಧ ನೀರಿಗೆ ಎರಡು ಮೂರು ಲೀಟರ್ ಚರಂಡಿಗೆ ಹೋಗುತ್ತದೆ ಎನ್ನುವುದನ್ನು ಟ್ಯಾಂಕರಿಗೆ ದುಡ್ಡು ಕೊಡುವ ಸೊಸೈಟಿಯವರು ಗಮನಿಸದೆ ಇರುವುದಿಲ್ಲ. ಆ ನೀರನ್ನು ಬಕೆಟ್ಟಿನಲ್ಲಿ ಹಿಡಿದು ನೆಲ ಒರೆಸಲು ಬಳಸುವ ಏರ್ಪಾಡು ಮೊದಲೇ ಆಗಬೇಕು. ಭಾರದ ಲೆಕ್ಕವೂ ಇದೆ. ನೀರು, ಕಲ್ಲು, ಗಾಜು, ಸ್ಟ್ಯಾಂಡು ಸೇರಿ ನಾನೂರು ಕಿಲೋ ದಾಟುವ ಈ ಸಾಮಾನು ಅರ್ಧ ಚದರ ಮೀಟರಿನ ಮೇಲೆ ಕೂರುತ್ತದೆ. ಮನೆಯ ನೆಲಕ್ಕೆ ಭಾರತೀಯ ಮಾನಕದಲ್ಲಿ ಹಿಡಿಯುವ ಲೆಕ್ಕ ಚದರ ಮೀಟರಿಗೆ ಸುಮಾರು ಇನ್ನೂರು ಕಿಲೋ. ನೆಲ ಕುಸಿಯುತ್ತದೆ ಎಂದಲ್ಲ, ಆ ಲೆಕ್ಕ ಇಡೀ ಕೋಣೆಗೆ ಹರಡಿದ್ದು. ಆದರೂ ತೊಲೆ, ಗೋಡೆಯ ಪಕ್ಕದಲ್ಲಿಡುವುದು ಜಾಣತನ.

ಕರೆಂಟಿನ ಮಾತು ಇದಕ್ಕಿಂತ ಗಂಭೀರ. ಪುಣೆಯಲ್ಲಿ ಗುರುವಾರ ಎಂದರೆ ದುರಸ್ತಿಯ ವಾರ, ನಲ್ಲಿಯೂ ನಿಲ್ಲಬಹುದು, ವಿದ್ಯುತ್ತೂ ಹೋಗಬಹುದು. ಸಿಹಿನೀರಿಗಿಂತ ಉಪ್ಪುನೀರು ಹಿಡಿದಿಡುವ ಆಮ್ಲಜನಕ ಮೊದಲೇ ಕಡಿಮೆ. 25 ಡಿಗ್ರಿಯಲ್ಲಿ ಲೀಟರಿಗೆ ಏಳು ಮಿಲಿಗ್ರಾಮೂ ಇಲ್ಲ. ಎತ್ತರದ ಊರಾದ್ದರಿಂದ ಗಾಳಿಯ ಒತ್ತಡ ಇಳಿದು ಅದರಲ್ಲೂ ಶೇಕಡಾ ಆರರಷ್ಟು ಕಳೆಯಬೇಕು. ಪಂಪು ನಿಂತ ನಾಲ್ಕಾರು ಗಂಟೆಯಲ್ಲಿ ತುಂಬಿದ ತೊಟ್ಟಿಯೊಂದು ಉಸಿರುಗಟ್ಟಬಹುದು. ಇನ್ನು ಏಪ್ರಿಲಿನಲ್ಲಿ ಹೊರಗೆ ನಲವತ್ತು ಡಿಗ್ರಿ ಇರುವಾಗ ಒಳಗಿನ ನೀರನ್ನು 27ರ ಒಳಗೆ ಹಿಡಿಯಬೇಕು. ಒಣಹವೆಯಲ್ಲಿ ನೀರಿನ ಮೇಲೆ ಫ್ಯಾನ್ ಬಿಟ್ಟರೆ ಆವಿಯೇ ತಂಪು ಮಾಡುತ್ತದೆ, ಆದರೆ ದಿನಕ್ಕೆ ಹಲವು ಲೀಟರ್ ಆರಿಹೋಗುತ್ತದೆ. ಆರುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿದು ಗಾಢವಾಗುತ್ತ ಹೋಗುತ್ತದೆ; ತುಂಬಿಸಬೇಕಾದದ್ದು ಸಿಹಿನೀರನ್ನೇ. ಮೊದಲ ತಿಂಗಳಲ್ಲಿ ಇದರಲ್ಲಿ ತಪ್ಪು ಮಾಡದವರು ವಿರಳ. ಇನ್ವರ್ಟರ್ ಎಷ್ಟು ಹೊತ್ತು ಎಳೆಯಿತು, ನೀರು ತಂಪಾಗಿಸುವ ಚಿಲ್ಲರ್ ಯಂತ್ರದ ಕರೆಂಟ್ ಬಿಲ್ಲು ಎಷ್ಟು ಬಂತು, ಮನೆಯವರು ಊರಿಗೆ ಹೋದಾಗ ಯಾರು ನೀರು ತುಂಬಿಸಿದರು, ಈ ಪ್ರಶ್ನೆಗಳಿಗೆಲ್ಲ ಉತ್ತರ ಸಿಗುವ ಹೊತ್ತಿಗೆ ತೊಟ್ಟಿಯಲ್ಲಿ ಸಾಯುವ ಜೀವ ಒಂದೂ ಇರಬಾರದು.

ಅಂಗಡಿಯವರ ಮೊದಲ ಆಕ್ಷೇಪ ಬಾಟಲಿಯದು. ಜೀವಂತ ಬ್ಯಾಕ್ಟೀರಿಯಾ ಬಾಟಲಿಗಳಲ್ಲಿ ಸಿಗುವಾಗ ವಾರಗಟ್ಟಲೆ ಏಕೆ ಕಾಯಬೇಕು ಎನ್ನುತ್ತಾರೆ. ಬಾಟಲಿ ಪೂರಾ ಸುಳ್ಳಲ್ಲ. ಒಳ್ಳೆಯ ಹೆಪ್ಪು ಬೇಗ ಮೊಸರು ಕಟ್ಟುವಂತೆ, ಒಳ್ಳೆಯ ಬಾಟಲಿ ಸೈಕಲನ್ನು ಮೊಟಕು ಮಾಡುತ್ತದೆ. ಆದರೆ ಬಾಟಲಿಯೊಳಗಿನ ಜೀವಿಗಳಿಗೂ ತಂಪು ಬೇಕು, ಉಸಿರು ಬೇಕು. ಮೇ ತಿಂಗಳ ಲಾರಿಯಲ್ಲಿ ಘಟ್ಟ ಹತ್ತಿ ಬಂದು ಶೆಲ್ಫಿನಲ್ಲಿ ಎಷ್ಟು ತಿಂಗಳು ಕೂತಿತ್ತೆಂದು ಹೊರಗಿನಿಂದ ಹೇಳಲಾಗದು. ಕೆಲಸ ಮಾಡಿತು ಎಂದೇ ಇಟ್ಟುಕೊಂಡರೂ ಅದು ಅಮೋನಿಯದ ಒಂದು ಸಮಸ್ಯೆಯನ್ನಷ್ಟೇ ಬಗೆಹರಿಸುತ್ತದೆ. ಹೊಸ ಕಲ್ಲಿನ ಮೇಲೆ ಕಂದು ಡಯಾಟಮ್ ಪದರ, ಆಮೇಲೆ ಹಸಿರು ಪಾಚಿ, ನಂತರ ಕೆಂಗಂದು ಲೋಳೆ ಒಂದರ ಹಿಂದೊಂದು ಬಂದು ಹೋಗುವುದನ್ನು ಯಾವ ಬಾಟಲಿಯೂ ತಪ್ಪಿಸುವುದಿಲ್ಲ. ಮೃದು ಹವಳಗಳಿಗೆ ನಿಜವಾದ ನೆಲೆ ಸಿಗುವುದು ಆ ಮೇಲೆ, ತಿಂಗಳುಗಳ ನಂತರ. ಹಾಗಾದರೆ ವಾರದ ಲೆಕ್ಕ ಬಿಟ್ಟು, ಪರೀಕ್ಷೆಯ ಫಲವನ್ನೇ ಅಳತೆ ಮಾಡಬಾರದೇಕೆ ಎಂದು ಕೇಳಿದರೆ, ತಾತ್ವಿಕವಾಗಿ ಅದೇ ಸರಿ. ಆದರೆ ಪರೀಕ್ಷೆಯ ಸೀಸೆಯನ್ನು ಯಾರು ಬೇಕಾದರೂ ತುಂಬಿ ತಂದು ತೋರಿಸಬಹುದು. ಉಪ್ಪಿನ ಚೀಲದ ಬಿಲ್ಲಿನ ಮೇಲಿರುವ ತಾರೀಖನ್ನು ಅಷ್ಟು ಸುಲಭವಾಗಿ ತಿದ್ದಲಾಗದು.

ಗಟ್ಟಿಮೀನನ್ನು ಮೊದಲು ಬಿಡಿ, ಅದು ತಡೆದುಕೊಳ್ಳುತ್ತದೆ ಎಂಬುದು ಇನ್ನೊಂದು ಹಳೆಯ ಸಲಹೆ. ಅಗ್ಗಕ್ಕೆ ಸಿಗುವ ನೀಲಿ ಡ್ಯಾಮ್ಸೆಲ್ ಮೀನಿಗೆ ಈ ಪಾತ್ರ ಮೀಸಲು. ಸತ್ತರೆ ಇನ್ನೊಂದು ತರುತ್ತಾರೆ. ಬದುಕಿದರೆ ತೊಟ್ಟಿಯೆಲ್ಲ ತನ್ನದೆಂದು ಹಿಡಿದು, ಆಮೇಲೆ ಬರುವ ಸಾಧು ಮೀನುಗಳನ್ನೆಲ್ಲ ಕಚ್ಚಿ ಓಡಿಸುತ್ತದೆ. ಕ್ರೌರ್ಯದ ಮಾತು ಬೇಡವೆಂದರೂ ಈ ಸಲಹೆ ವ್ಯವಹಾರಕ್ಕೂ ನಷ್ಟದ್ದೇ.

ಹೆಚ್ಚು ತೂಕದ ಆಕ್ಷೇಪ ಬೇರೆ. ಸಮುದ್ರವೇ ಬಿಸಿಯೇರಿ ದಿಬ್ಬಗಳು ಬಿಳುಚಿಕೊಳ್ಳುತ್ತಿರುವಾಗ, ಟ್ರಾಲರುಗಳು ತಳವನ್ನೇ ಕೆರೆಯುತ್ತಿರುವಾಗ, ಕೆಲವು ಮನೆಗಳ ನಾಲ್ಕಾರು ಮೀನಿನ ಚಿಂತೆ ಅತಿಯಾಯಿತಲ್ಲವೇ? ಲಕ್ಷದ್ವೀಪದ ಹವಳ 1998ರಲ್ಲಿ, 2010ರಲ್ಲಿ, 2016ರಲ್ಲಿ, ಮತ್ತೆ 2024ರಲ್ಲಿ ಬಿಳುಚಿತು. ಅಮಿನಿ, ಕದ್ಮತ್, ಕಿಲ್ತಾನ್ ಮುಂತಾದ ಅಲ್ಲಿನ ಉತ್ತರದ ದ್ವೀಪಗಳು 1956ರವರೆಗೆ ಮಂಗಳೂರಿನ ಆಡಳಿತದಲ್ಲಿದ್ದವು ಎಂಬುದನ್ನು ನೆನೆದರೆ ಅದು ನಮಗೆ ಯಾರದೋ ದೂರದ ಸುದ್ದಿಯಾಗಿ ಉಳಿಯುವುದಿಲ್ಲ. ಆ ಹಾನಿಯ ಮುಂದೆ ತೊಟ್ಟಿಯ ಹಾನಿ ಸಣ್ಣದೇ ಸರಿ. ಆದರೆ ಒಟ್ಟು ಲೆಕ್ಕ ಅಷ್ಟು ಸಣ್ಣದಲ್ಲ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ಅಂಗಸಂಸ್ಥೆಯೊಂದು 2003ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ಜಗತ್ತಿನ ತೊಟ್ಟಿಗಳಿಗಾಗಿ ವರ್ಷಕ್ಕೆ 2 ಕೋಟಿಯಿಂದ 2.4 ಕೋಟಿ ಸಮುದ್ರದ ಮೀನುಗಳು, 1,471 ಜಾತಿಯವು, ವ್ಯಾಪಾರವಾಗುತ್ತಿದ್ದವು. ಅವುಗಳಲ್ಲಿ ಸಾಕಾಣಿಕೆಯಲ್ಲಿ ಹುಟ್ಟಿದವು ಶೇಕಡಾ ಹತ್ತನ್ನೂ ಮೀರುತ್ತಿರಲಿಲ್ಲ. ಉಳಿದದ್ದೆಲ್ಲ ದಿಬ್ಬದಿಂದಲೇ ಹಿಡಿದದ್ದು. ಫಿಲಿಪ್ಪೀನ್ಸಿನಲ್ಲಿ 1960ರ ದಶಕದಿಂದ ಸಯನೈಡ್ ಚಿಮುಕಿಸಿ ಮೀನನ್ನು ಮಂಪರು ಹಿಡಿಸಿ ಹಿಡಿಯುವ ಪದ್ಧತಿ ಬೆಳೆಯಿತು, ಅದು ಸುತ್ತಲಿನ ಹವಳವನ್ನೂ ಕೊಂದಿತು. ಪಳಗದ ತೊಟ್ಟಿಯಲ್ಲಿ ಸತ್ತ ಪ್ರತಿ ಮೀನಿಗೂ ಬದಲಿ ಮೀನೊಂದು ಅದೇ ದಿಬ್ಬದಿಂದ ಬರಬೇಕು. ಹಾನಿಯನ್ನು ಇಮ್ಮಡಿ, ಮುಮ್ಮಡಿ ಮಾಡುವುದು ಈ ಬದಲಿ ವ್ಯಾಪಾರ. ಬಿಸಿಯೇರುವ ಸಮುದ್ರವನ್ನು ಪುಣೆಯ ಅಂಗಡಿಯವ ತಣಿಸಲಾರ, ಇದನ್ನಾದರೆ ನಾಳೆಯೇ ನಿಲ್ಲಿಸಬಲ್ಲ.

ಹಾಗಾದರೆ ಈ ಹವ್ಯಾಸವೇ ಬೇಡ ಎನ್ನುವವರಿದ್ದಾರೆ. ಅವರ ಮಾತಿಗೆ ಗೌರವವಿದೆ, ಪೂರ್ತಿ ಒಪ್ಪಿಗೆ ಇಲ್ಲ. ಮಾಲವಣದ ಸಾಗರ ಅಭಯಾರಣ್ಯ 1987ರಿಂದ ಇದೆ, ಮುರುಡೇಶ್ವರದಿಂದ ದೋಣಿಯಲ್ಲಿ ಹೋದರೆ ನೇತ್ರಾಣಿಯ ಸುತ್ತ ಹವಳ ಕಾಣುತ್ತದೆ. ನೋಡಬೇಕೆನ್ನುವವರು ಅಲ್ಲಿಗೆ ಹೋಗಲಿ ಎಂಬುದು ನ್ಯಾಯವೇ. ಆದರೆ ಈಜು ಬಾರದ, ಕಡಲು ಕಾಣದ ಮನೆಗಳಲ್ಲಿ ಒಂದು ಕೋಡಂಗಿ ಮೀನು, ಅಂದರೆ ಕ್ಲೌನ್‌ಫಿಶ್, ಹಿಡಿಸುವ ಆಸಕ್ತಿಗೂ ಬೆಲೆಯಿದೆ. ಅದನ್ನು ಸಮುದ್ರದಿಂದ ಹಿಡಿಯಲೇಬೇಕಾದ ಕಾಲವೂ ಹೋಗಿದೆ. ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರೂ ಪರಂಗಿಪೇಟೆಯ ಅಣ್ಣಾಮಲೈ ವಿಶ್ವವಿದ್ಯಾಲಯದ ಕಡಲಜೀವಿ ಕೇಂದ್ರದವರೂ ಇದರ ಮರಿ ಮಾಡಿಸುವ ವಿಧಾನವನ್ನು ಪಳಗಿಸಿದ್ದಾರೆ. ಲಕ್ಷದ್ವೀಪದ ಅಗತ್ತಿಯಲ್ಲಿ ಅಲಂಕಾರದ ಸಿಗಡಿ ಸಾಕಾಣಿಕೆಯನ್ನು ದ್ವೀಪದ ಹೆಂಗಸರಿಗೇ ಕಲಿಸಲಾಗಿದೆ. ಸಾಕಾಣಿಕೆಯ ಮರಿ ತೊಟ್ಟಿಯಲ್ಲೇ ಹುಟ್ಟಿ ಒಣ ಆಹಾರ ತಿಂದು ಬೆಳೆದದ್ದು. ಚೆನ್ನಾಗಿ ನೋಡಿಕೊಂಡರೆ ಇಪ್ಪತ್ತು ವರ್ಷವೂ ಬಾಳೀತು. ಇಪ್ಪತ್ತು ವರ್ಷ ಬಾಳುವ ಜೀವಕ್ಕೆ ಆರು ವಾರ ಮೊದಲು ಮನೆ ಸಿದ್ಧಮಾಡಿ ಎನ್ನುವುದು ಹೆಚ್ಚಿನ ಬೇಡಿಕೆಯೇನಲ್ಲ.

ಉಳಿದದ್ದು ನಿಯಮದ ಪ್ರಶ್ನೆ. ಕೇಂದ್ರ ಸರ್ಕಾರ 2017ರ ಮೇ ತಿಂಗಳಲ್ಲಿ ಮತ್ಸ್ಯಾಲಯ, ಮೀನಿನಂಗಡಿಗಳಿಗೆ ನಿಯಮಾವಳಿಯೊಂದನ್ನು ಹೊರಡಿಸಿತ್ತು. ಮಾರಬಾರದ ಮೀನುಗಳ ಉದ್ದನೆಯ ಪಟ್ಟಿ ಹೊತ್ತ ಅದು ವ್ಯಾಪಾರಿಗಳ, ಸಾಕಾಣಿಕೆದಾರರ ವಿರೋಧಕ್ಕೆ ಸಿಕ್ಕಿ ನಂತರ ವಾಪಸಾಯಿತು. ಆ ಅನುಭವದಿಂದ ನಿಯಮವೇ ಬೇಡ ಎಂಬ ಪಾಠ ಕಲಿಯಬೇಕಿಲ್ಲ. ಜಾತಿಗಳ ಪಟ್ಟಿ ಹಿಡಿದು ಗದ್ದಲ ಮಾಡುವುದಕ್ಕಿಂತ, ಮಾರಾಟದ ಕ್ರಮವನ್ನು ಹಿಡಿದು ಒಂದೇ ಸಾಲಿನ ನಿಯಮ ಮಾಡುವುದು ಸುಲಭ, ಜಾರಿಯೂ ಸುಲಭ: ಉಪ್ಪುನೀರಿನ ತೊಟ್ಟಿಗೆ ಉಪ್ಪಿನ ಚೀಲ ಕೊಂಡ ಬಿಲ್ಲಿಗೆ ಆರು ವಾರ ತುಂಬದೆ ಮೀನು ಕೊಡುವಂತಿಲ್ಲ. ಸರ್ಕಾರಕ್ಕೆ ಕಾಯದೆ ಪುಣೆಯ ವ್ಯಾಪಾರಿಗಳೇ ಸೇರಿ ಇದನ್ನು ಒಪ್ಪಿಕೊಳ್ಳಬಹುದು. ವ್ಯಾಪಾರ ಹೋಗುತ್ತದೆ ಎಂಬ ಅವರ ಭಯಕ್ಕೂ ದಾರಿಯಿದೆ. ಗಿರಾಕಿ ತೊಟ್ಟಿ ಕೊಂಡ ದಿನವೇ ಮೀನನ್ನು ಆರಿಸಲಿ, ಮುಂಗಡವನ್ನೂ ಕೊಡಲಿ. ಮೀನು ಮಾತ್ರ ಆ ಆರು ವಾರ ಅಂಗಡಿಯ ತೊಟ್ಟಿಯಲ್ಲೇ ಇರಲಿ. ಮೈಮೇಲೆ ಉಪ್ಪುಕಾಳು ಚೆಲ್ಲಿದಂತೆ ಬಿಳಿಚುಕ್ಕೆ ಎಬ್ಬಿಸುವ ಪರಾವಲಂಬಿ ರೋಗವಿದ್ದರೆ ಅದು ಹೊರಬೀಳಲು ಸಹ ಹೆಚ್ಚುಕಡಿಮೆ ಇಷ್ಟೇ ಸಮಯ ಬೇಕು. ಸೊರಗಿ ಬಂದ ಮೀನು ತಿನ್ನುತ್ತದೋ ಇಲ್ಲವೋ ಎಂಬುದೂ ಅಷ್ಟರಲ್ಲಿ ಗೊತ್ತಾಗುತ್ತದೆ. ಸತ್ತರೆ ಅಂಗಡಿಯವನ ಕಣ್ಣೆದುರೇ, ಅವನ ಖರ್ಚಿನಲ್ಲೇ ಸಾಯುತ್ತದೆ. ಈಗ ಆ ಸಾವು ಗಿರಾಕಿಯ ಮನೆಯಲ್ಲಿ, ಗಿರಾಕಿಯ ದುಡ್ಡಿನಲ್ಲಿ ಆಗುತ್ತಿದೆ. ಮಾರನೆಯ ಭಾನುವಾರ ಬದಲಿ ಮೀನಿಗೆಂದು ಅವನು ಅದೇ ಅಂಗಡಿಗೆ ಬರುತ್ತಾನೆ.